ಮೂರನೇ ಗುಂಪಿನ ಕರೆಂಟು

ತಾಮ್ರದ ಗಣಿಗಳ ಊರಾದ ಕಿಟ್ವೆಯ ತಾಂತ್ರಿಕ ಕಾಲೇಜಿನಲ್ಲಿ ಕಸೋಂಡೆಯನ್ನು ಹೆಸರು ಹಿಡಿದು ಯಾರೂ ಕರೆಯುತ್ತಿರಲಿಲ್ಲ. ಲೊಂಬೆಯ ತಾಯಿಯಾದ್ದರಿಂದ ಎಲ್ಲರಿಗೂ ಅವಳು ಬಾನಾ ಲೊಂಬೆ. ಗಣಿ ಸರ್ವೆ ಪಾಠ ಮಾಡುತ್ತಿದ್ದಳು. ಅದಕ್ಕೆ ಸಂಬಳ ಬರುತ್ತಿತ್ತು. ಸಂಬಳ ಬಾರದ ಕೆಲಸವೊಂದಿತ್ತು, ಅದಕ್ಕೆ ಅವಳು ಇನ್ನೂ ಒಂದು ಗಂಟೆ ಮುಂಚೆ ಬರುತ್ತಿದ್ದಳು.

ಸುರಂಗಗಳ ಲೆಕ್ಕಕ್ಕೆಂದೇ ಅದೇ ಕಾಲೇಜಿನ ಮೇಷ್ಟ್ರೊಬ್ಬರು ಹಿಂದೆ ಒಂದು ಕಂಪ್ಯೂಟರ್ ಭಾಷೆ ಕಟ್ಟಿ, ನೆಲದಡಿ ಬಿಲ ತೋಡುವ ಪ್ರಾಣಿಯ ಹೆಸರನ್ನೇ ಅದಕ್ಕಿಟ್ಟಿದ್ದರು: ಇಂಫುಕೊ. ಹೆಸರಿಗೆ ತಕ್ಕ ಹಾಗೆ ಅದು ಯಾರ ಕಣ್ಣಿಗೂ ಬೀಳದೆ ಬದುಕಿತ್ತು. ಸಾಯುವ ಮುಂಚೆ ಮೇಷ್ಟ್ರು ಅದರ ಜಾಲತಾಣ, ಕೈಪಿಡಿ, ಪ್ರಶ್ನೋತ್ತರದ ಪುಟ, ಇವೆಲ್ಲ ಓಡುವ ಕಾಲೇಜಿನ ಮೆಷೀನು ಎಲ್ಲವನ್ನೂ ಇವಳ ಕೈಗೆ ಒಪ್ಪಿಸಿದ್ದರು. ಆರಲು ಬಿಡುವುದಿಲ್ಲವೆಂದು ಇವಳು ಭಾಷೆ ಕೊಟ್ಟಿದ್ದಳು.

ಆಮೇಲೆ ಎಂಟು ತಿಂಗಳು ಒಂದು ಪ್ರಶ್ನೆಯೂ ಬರಲಿಲ್ಲ. ಕಸಾಮಾ ಊರಿನ ಕಾಲೇಜಿಗೆ ವರ್ಗದ ಕಾಗದ ಬಂದಾಗ ಅವಳು ಹೊರಟು ನಿಂತಿದ್ದಳು. ಅಲ್ಲಿ ಅಕ್ಕ ತನ್ನ ಪಕ್ಕದ ಮನೆಯನ್ನು ಯಾರಿಗೂ ಕೊಡದೆ ಇವಳಿಗಾಗಿ ಇಟ್ಟುಕೊಂಡಿದ್ದಳು. ಅದೇ ವಾರ ಫಿಲಿಪ್ಪೀನ್ಸಿನಿಂದ ಮರಿವಿಕ್ ಎಂಬ ಹುಡುಗಿ ಪುಟದಲ್ಲಿ ಒಂದು ಲೆಕ್ಕ ಹಾಕಿ, ಕೆಳಗೆ ಕೇಳಿದಳು: "ಯಾರಾದರೂ ಇದ್ದೀರಾ?"

ಬಾನಾ ಲೊಂಬೆ ಇದ್ದಳು. ವರ್ಗ ಬೇಡವೆಂದು ಬರೆದು ಕೊಟ್ಟಳು. ಮರಿವಿಕ್ ಹಿಂದೆಯೇ ಫಿನ್ಲೆಂಡಿನ ಇಲ್ಮಾರಿ ಬಂದ. ಥ್ಯಾಂಕ್ಸ್ ಅನ್ನಲೂ ಜಿಪುಣತನ ಮಾಡುವ ಆಸಾಮಿ. ಚಿಲಿಯ ಗಣಿಯಿಂದ ರಮೋನ್ ಬಂದ. ಅವನಿಗೆ ಎಲ್ಲದಕ್ಕೂ ಆಶ್ಚರ್ಯಸೂಚಕ. ಮರುವರ್ಷ ಮತ್ತೆ ವರ್ಗದ ಕಾಗದ ಬಂತು, ಮತ್ತೆ ಬೇಡವೆಂದಳು. ಮೂರು ವರ್ಷದಲ್ಲಿ ಇನ್ನೂರ ಹನ್ನೆರಡು ಪ್ರಶ್ನೆಗಳು. ಎಲ್ಲಕ್ಕೂ ಉತ್ತರ ಬರೆದು, ಕೊನೆಗೆ "ನಿಮ್ಮ ಚಿಕ್ಕಮ್ಮ ಕಸೋಂಡೆ" ಎಂದು ಸಹಿ ಹಾಕುತ್ತಿದ್ದಳು.

ಈಗ ಮೂರನೇ ಕಾಗದ ಮೇಜಿನ ಮೇಲಿತ್ತು. ಶುಕ್ರವಾರದೊಳಗೆ ಉತ್ತರ ಕೊಡಬೇಕು. ಅದರ ಜೊತೆಗೆ ಪ್ರಾಂಶುಪಾಲರ ಕಾಟ ಬೇರೆ.

"ಹಾಗಾಗೀ ಬಾನಾ ಲೊಂಬೆಯವರೇ, ಹಾಗಾಗೀ ಆ ಮೆಷೀನು ಅಡ್ಮಿಷನ್ ಆಫೀಸಿಗೆ ಬೇಕು, ಹಾಗಾಗೀ!" ಬಾಗಿಲಲ್ಲಿ ಪ್ರಾಂಶುಪಾಲರ ಮೂಗಿನ ದನಿ ಕೇಳಿ ಅವಳು ದಡಬಡಿಸಿ ಎದ್ದಳು. ನಿಂತಿದ್ದವರು ಗ್ರಂಥಪಾಲ ಕಪಾಸಾ; ಅಲ್ಲಿಯ ಮಾತಿನಲ್ಲಿ ಗೌರವಕ್ಕೆ ‘ಬಾ’ ಸೇರಿಸಿ ಎಲ್ಲರೂ ಬಾ ಕಪಾಸಾ ಅನ್ನುತ್ತಿದ್ದರು. ಕೈಯಲ್ಲಿ ವಿತುಂಬುವಾ ಎಂಬ ಕರಿದ ಹಿಟ್ಟಿನುಂಡೆಗಳ, ಎಣ್ಣೆ ಒಸರುವ ಪೊಟ್ಟಣ.

"ನಿಮ್ಮ ನಾಲಿಗೆ ಬಿದ್ದುಹೋಗ, ಬಾ ಕಪಾಸಾ! ಎದೆ ಹಾರಿಹೋಯ್ತು."

"ಹಾರಿದ್ದನ್ನ ಹಿಡ್ಕೊಳ್ಳಿ, ಬಿಸಿ ಇರುವಾಗ ತಿನ್ನಿ." ಹತ್ತು ವರ್ಷದಿಂದ ಹತ್ತೂವರೆಯ ಚಹಾ ಇಬ್ಬರದೂ ಒಟ್ಟಿಗೆ. ಕಪಾಸಾ ಬಸ್ ಕಂಡಕ್ಟರನಿಂದ ಬಿಷಪ್ಪರವರೆಗೆ ಯಾರ ದನಿಯನ್ನಾದರೂ ಆಡಿ ತೋರಿಸಬಲ್ಲವರು. ಆದರೆ ಜೇಬಿನಲ್ಲಿದ್ದದ್ದು ಮಾತ್ರ ಗುಂಡಿ ಒತ್ತುವ ಹಳೇ ಫೋನು. ಮೇಲ್ ನೋಡಲೂ ಗ್ರಂಥಾಲಯದ ಕಂಪ್ಯೂಟರೇ ಗತಿ.

"ಮೆಷೀನು ಬೇಕೇ ಬೇಕು ಅನ್ನೋಕೆ ಸಾಕ್ಷಿ ಕೇಳ್ತಿದ್ದಾರೆ. ಯಾವ ದಿನ, ಎಷ್ಟೊತ್ತಿಗೆ, ಎಷ್ಟು ಪ್ರಶ್ನೆ ಬಂತು ಅಂತ ನಕ್ಷೆ ಮಾಡಿ ಕೊಡ್ತೀನಿ. ಆಮೇಲೆ ವರ್ಗ ಬೇಡ ಅಂತ ಬರೆದು ಹಾಕ್ತೀನಿ," ಎಂದಳು.

ಕಪಾಸಾ ಚಹಾ ಹೀರುವುದನ್ನು ನಿಲ್ಲಿಸಿದರು. "ನಕ್ಷೆಯೆಲ್ಲಾ ಯಾಕೆ? ಬಾಯಲ್ಲೇ ಹೇಳಿದ್ರಾಯ್ತು."

ಅವಳು ನಕ್ಷೆ ಮಾಡಿದಳು. ಕಳೆದ ಆರು ತಿಂಗಳದ್ದು. ನಕ್ಷೆಯಲ್ಲಿ ತೂತುಗಳಿದ್ದವು. ಸೋಮವಾರ ಎಂಟರಿಂದ ಹನ್ನೆರಡು, ಯಾರೂ ಇಲ್ಲ. ಮಂಗಳವಾರ ಹನ್ನೆರಡರಿಂದ ನಾಲ್ಕು, ಯಾರೂ ಇಲ್ಲ. ಮೆಷೀನು ಕೆಟ್ಟಿರಬೇಕು ಅಂದುಕೊಂಡಳು. ಇಲ್ಲ, ಅದು ಎಂದೂ ಕರೆಂಟು ತೆಗೆಯದ ಆಸ್ಪತ್ರೆಯ ತಂತಿಯ ಮೇಲಿತ್ತು, ಒಂದು ನಿಮಿಷವೂ ಆರಿರಲಿಲ್ಲ. ಹಾಗಾದರೆ ಮನಿಲಾ, ಹೆಲ್ಸಿಂಕಿ, ಚಿಲಿ ಮೂರೂ ಒಂದೇ ಗಳಿಗೆಗೆ ಮಾತು ನಿಲ್ಲಿಸುವುದು ಹೇಗೆ?

ತಲೆಯೆತ್ತಿದಳು. ಗೋಡೆಯ ಮೇಲೆ, ಕರೀಬಾ ಅಣೆಕಟ್ಟಿನ ನೀರು ತಳ ಕಂಡಾಗಿನಿಂದ ಕಿಟ್ವೆಯ ಪ್ರತಿ ಗೋಡೆಯ ಮೇಲೂ ಇರುವ ಹಾಗೆ, ಕರೆಂಟು ತೆಗೆಯುವ ವೇಳಾಪಟ್ಟಿ ಇತ್ತು. ಒಂದನೇ ಗುಂಪು, ಎರಡನೇ ಗುಂಪು, ಮೂರನೇ ಗುಂಪು. ಅವಳು ನಕ್ಷೆಯನ್ನು ಅದರ ಪಕ್ಕ ಹಿಡಿದಳು. ಮೂರನೇ ಗುಂಪಿನ ಮೇಲೆ ಅದು ಅಳತೆ ಕೊಟ್ಟು ಹೊಲಿಸಿದ ಅಂಗಿಯಂತೆ ಕೂತಿತು. ಮೂರನೇ ಗುಂಪು ಎಂದರೆ ರಸ್ತೆಯ ಆಚೆಗಿನ ಸಾಲು: ಕ್ಷೌರದಂಗಡಿ, ಕೋಳಿ ಅಂಗಡಿ, ಗ್ರಂಥಾಲಯ.

ನಕ್ಷೆಯನ್ನು ಮಡಿಸಿ, ಮೇಜಿನ ಮೇಲಿದ್ದ ವರ್ಗದ ಕಾಗದವನ್ನೂ ಎತ್ತಿಕೊಂಡು ರಸ್ತೆ ದಾಟಿದಳು.

ಕಪಾಸಾ ಪುಸ್ತಕಗಳಿಗೆ ಅಂಟು ಹಚ್ಚುತ್ತಿದ್ದರು.

"ಬಾ ಕಪಾಸಾ, ನಿಮ್ಮ ಲೈಬ್ರರಿಯಲ್ಲಿ ಕರೆಂಟು ಹೋದ್ರೆ ಫಿನ್ಲೆಂಡಿಗೆ ಯಾಕೆ ಕತ್ತಲಾಗುತ್ತೆ?"

ಅವರು ನಕ್ಷೆ ನೋಡಿದರು. ಪ್ರಾಂಶುಪಾಲರ ದನಿ ತೆಗೆದರು: "ಹಾಗಾಗೀ..."

"ಬೇಡ. ಬೇರೆಯವರ ಗಂಟಲು ಬೇಡ. ನಿಮ್ಮದು ಅಂತ ಒಂದಿದ್ರೆ ಅದ್ರಲ್ಲಿ ಹೇಳಿ."

ಅಂಟಿನ ಕುಂಚ ಕೆಳಗಿಟ್ಟರು. "ನೀವು ಹೊರಟು ನಿಂತಿದ್ರಿ. ಸುಮ್ಮನೆ ಒಂದು ಪ್ರಶ್ನೆ ಹಾಕಿದೆ, ಒಂದೇ ಒಂದು. ಕೈಪಿಡಿಯ ಕೊನೇಲಿರೋ ಅಭ್ಯಾಸದ ಲೆಕ್ಕಗಳಿಂದ ತೆಗೆದದ್ದು. ಅವತ್ತು ನೀವು ಚಹಾಕ್ಕೆ ಬಂದಾಗ ಮುಖ ಹೇಗಿತ್ತು ಗೊತ್ತಾ? ಒಬ್ಬಳೇ ಇದ್ರೆ ನಂಬಲ್ಲ ಅಂತ ಇಲ್ಮಾರಿನ ಕರೆದೆ. ಆಮೇಲೆ... ನಿಲ್ಲಿಸೋಕೆ ಆಗ್ಲಿಲ್ಲ."

"ನಿಜವಾದವರು ಎಷ್ಟು ಜನ?"

"ನಾಲ್ಕು ಜನ. ಐದು ಇರಬಹುದು."

ಅವಳು ಕುರ್ಚಿ ಎಳೆದು ಕೂತಳು. ಇಲ್ಮಾರಿ ಹೋದರೆ ಹೋಗಲಿ, ಅವನ ಮೇಲೆ ಅವಳಿಗೆ ಮೊದಲೇ ಸಿಟ್ಟಿತ್ತು. ಆದರೆ ಮರಿವಿಕ್? ತನ್ನ ತಾಯಿ ತೀರಿಕೊಂಡಳೆಂದು ಮರಿವಿಕ್ ಬರೆದ ದಿನ ಬಾನಾ ಲೊಂಬೆ ಯಾರಿಗೂ ಹೇಳದ್ದನ್ನು ಆ ಹುಡುಗಿಗೆ ಬರೆದಿದ್ದಳು. ಎಲ್ಲರಿಗೂ ಹೇಳಿದಂತೆ ಲೊಂಬೆಯ ಅಪ್ಪ ದೂರದೂರು ಸೊಲ್ವೇಜಿಯಲ್ಲಿ ಕೆಲಸಕ್ಕಿಲ್ಲ, ಇನ್ನೊಬ್ಬಳ ಜೊತೆ ಸಂಸಾರಕ್ಕಿದ್ದಾನೆ. ನೆರೆಯವರು ಆಡಿಕೊಳ್ಳಬಾರದೆಂದು ತಾನು ಪ್ರತಿ ಶನಿವಾರ ಅವನ ಒಂದು ಅಂಗಿಯನ್ನು ಒಗೆದು, ಯಾರೂ ತೊಡದ ಆ ಅಂಗಿಯನ್ನು ಹಗ್ಗಕ್ಕೆ ಹಾಕುತ್ತೇನೆ ಎಂದು. ಅಂದಿನಿಂದ ಕಪಾಸಾ "ಯಜಮಾನರು ಯಾವಾಗ ಬರ್ತಾರೆ?" ಎಂದು ಕೇಳುವುದನ್ನು ಬಿಟ್ಟಿದ್ದರು. ಅವಳದನ್ನು ದೊಡ್ಡ ಮನುಷ್ಯರ ಲಕ್ಷಣ ಅಂದುಕೊಂಡಿದ್ದಳು.

"ಅಂಗಿ ವಿಷಯ ಓದಿದ ಮೇಲೂ ನನ್ನೆದುರು ಕೂತು ತಿಂದ್ರಲ್ಲ. ಗಂಟಲಲ್ಲಿ ಇಳೀತಾ?"

"ಯಾರಿಗೂ ಹೇಳಿಲ್ಲ, ಬಾನಾ ಲೊಂಬೆ. ದೇವರಾಣೆ."

"ನಿಮಗೆ ಹೇಳಿರ್ಲಿಲ್ಲವಲ್ಲ ನಾನು! ತಾಯಿ ಸತ್ತ ಹುಡುಗಿಗೆ ಹೇಳಿದ್ದೆ. ಮೊನ್ನೆ ಭಾನುವಾರ ನಿಮ್ಮ ತಾಯಿ ಚರ್ಚಿನಲ್ಲಿ ನನ್ನ ಪಕ್ಕದಲ್ಲೇ ಕೂತು ಗಂಟಲು ಹರಿಯೋ ಹಾಗೆ ಹಾಡ್ತಿದ್ರು."

ಕಪಾಸಾ ಬೆರಳಿಗಂಟಿದ ಅಂಟನ್ನು ಉಜ್ಜತೊಡಗಿದರು.

ಅವಳು ವರ್ಗದ ಕಾಗದವನ್ನು ಅದೇ ಅಂಟಿನ ಮೇಜಿನ ಮೇಲಿಟ್ಟು, ಒಪ್ಪಿಗೆಯ ಜಾಗದಲ್ಲಿ ಸಹಿ ಹಾಕಿದಳು. ಜಾಲತಾಣದ ಪಾಸ್‌ವರ್ಡುಗಳನ್ನು ಚೀಟಿಯಲ್ಲಿ ಬರೆದು ನಕ್ಷೆಯ ಮೇಲೆ ಇಟ್ಟಳು.

"ಪ್ರಶ್ನೆ ಕೇಳೋದರಲ್ಲಿ ಪಳಗಿದ್ದೀರಿ, ಇನ್ಮೇಲೆ ಉತ್ತರಾನೂ ನೀವೇ ಹೇಳಿ. ಪ್ರಾಂಶುಪಾಲರಿಗೆ ನಕ್ಷೆ ತೋರಿಸಿ, ಯಾವ ದನಿಯಲ್ಲಿ ಬೇಕಾದ್ರೂ."

"ನನಗೆ ಇಂಫುಕೊ ಬರಲ್ಲ!"

"ಗೊತ್ತು. ಮೂರು ವರ್ಷ ಕಲಿಸಿದ್ದೀನಿ, ಒಂದಕ್ಷರ ಹತ್ತಿಲ್ಲ."

ಕಸಾಮಾದಲ್ಲಿ ಅವಳು ಹಗ್ಗಕ್ಕೆ ತನ್ನ ಬಟ್ಟೆ ಮಾತ್ರ ಹಾಕಿದಳು. ಜಾಲತಾಣವನ್ನು ಅವಳು ಎರಡು ತಿಂಗಳು ತೆರೆಯಲೇ ಇಲ್ಲ.

ಒಂದು ಮಂಗಳವಾರ ಬೆಳಿಗ್ಗೆ ಕಪಾಸಾರ ಮೇಲ್ ಬಂತು. ಮೊದಲ ಸಲ ಸ್ವಂತ ಹೆಸರಿನಲ್ಲಿ. "ಮೆಷೀನು ಉಳಿಸಿಕೊಂಡಿದ್ದೇನೆ. ಕೈಪಿಡಿ ಓದುತ್ತಿದ್ದೇನೆ, ಹದಿನಾಲ್ಕನೇ ಪುಟ ದಾಟಲು ಆಗುತ್ತಿಲ್ಲ. ಅದು ಹಾಗಿರಲಿ. ಪುಟದಲ್ಲಿ ಒಬ್ಬರು ಪ್ರಶ್ನೆ ಕೇಳಿದ್ದಾರೆ. ಅವರು ನಾನಲ್ಲ. ನಂಬಿ ಅನ್ನುವ ಯೋಗ್ಯತೆ ನನಗಿಲ್ಲ."

ಪುಟ ತೆರೆದಳು. ಹೆಸರಿಲ್ಲದ ಯಾರೋ, ಸುರಂಗದ ಇಳಿಜಾರಿನ ಲೆಕ್ಕ ತಪ್ಪುತ್ತಿದೆ ಎಂದಿದ್ದರು. ಎಲ್ಲ ಹೊಸಬರೂ ಎಡವುವ ಜಾಗ. ಉತ್ತರ ಬೆರಳ ತುದಿಯಲ್ಲಿತ್ತು. ಬೆರಳು ಮಡಿಸಿಕೊಂಡಳು.

ಗಂಟೆ ಹನ್ನೆರಡಾಯಿತು. ಮೂರನೇ ಗುಂಪಿನ ಕರೆಂಟು ಈಗ ಹೋಯಿತು, ಅಂದುಕೊಂಡಳು. ನಾಲ್ಕರವರೆಗೆ ಆ ಮನುಷ್ಯ ಮೂಕ. ಫೋನನ್ನು ಮಡಿಲಲ್ಲಿಟ್ಟುಕೊಂಡು ಪೇರಳೆ ಮರದ ಕೆಳಗೆ ಕೂತಳು. ಅಕ್ಕ ಊಟಕ್ಕೆ ಕರೆದಳು, ಹೋಗಲಿಲ್ಲ.

ಒಂದು ಹತ್ತಕ್ಕೆ ಪುಟದಲ್ಲಿ ಇನ್ನೊಂದು ಸಾಲು ಮೂಡಿತು: "ಯಾರೂ ಇಲ್ಲವಾ? ಇಲ್ಲದಿದ್ದರೆ ಇಲ್ಲ ಅಂತಲಾದರೂ ಹೇಳಿ."

ಅವಳು ಸಮಯವನ್ನು ಎರಡು ಸಲ ನೋಡಿದಳು. ಗ್ರಂಥಾಲಯಕ್ಕೆ ಕರೆಂಟು ಬರಲು ಇನ್ನೂ ಸುಮಾರು ಮೂರು ಗಂಟೆ ಬಾಕಿ. ಆಮೇಲೆ ಬರೆದಳು: "ಕೈಪಿಡಿಯ ಹದಿನಾಲ್ಕನೇ ಪುಟ. ಮೂರನೇ ಸಾಲಿನಲ್ಲಿ ಕೋನವನ್ನು ಮೊದಲು ಕೊಡಿ, ಉದ್ದವನ್ನು ಆಮೇಲೆ."

ಯಾವ ಊರು, ಮನೆಯಲ್ಲಿ ಯಾರ್ಯಾರಿದ್ದಾರೆ ಎಂದು ಕೇಳಲಿಲ್ಲ. ಸಹಿ ಹಾಕಲಿಲ್ಲ. ಅದೇ ಹದಿನಾಲ್ಕನೇ ಪುಟದಲ್ಲಿ ಸಿಕ್ಕಿಕೊಂಡಿದ್ದ ಕಪಾಸಾರಿಗೂ ಅದು ಉತ್ತರವಾಗಿತ್ತು. ಬೇಕಾದರೆ ನಾಲ್ಕು ಗಂಟೆಯ ಮೇಲೆ ಓದಿಕೊಳ್ಳಲಿ ಎಂದು ಊಟಕ್ಕೆದ್ದಳು.