ಮಾತಾಡದ ಹಬೀಬಾ

ಚಾಮರಾಜನಗರದ ಸುವರ್ಣಾವತಿ ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗಕ್ಕೆ ಶಶಿರೇಖಾ ಮೇಡಂ ಸೂಪರಿಂಟೆಂಡೆಂಟ್. ಬಾಯಿ ಬೊಂಬಾಯಿ, ಮನಸ್ಸು ಬೆಣ್ಣೆ. ಮಾತಿಲ್ಲದೆ ಒಂದು ಗಳಿಗೆ ಇರಲಾರದ ಆಕೆಗೆ, ಮಾತಾಡದವರೆಲ್ಲ ದುಃಖದಲ್ಲಿದ್ದಾರೆ ಎಂದೇ ನಂಬಿಕೆ. ಎಂಥಾ ನಂಬಿಕೆಯೋ!

ವಿದ್ಯಾರ್ಥಿಗಳು ಬಂದು ವಿಚಾರಿಸುವ ಕೌಂಟರಿನ ಕಿಟಕಿಯಲ್ಲಿ ಕೂರುತ್ತಿದ್ದವಳು ಉಮ್ಮೆ ಹಬೀಬಾ, ಗುಂಡ್ಲುಪೇಟೆಯಿಂದ ದಿನಾ ಬಸ್ಸಿನಲ್ಲಿ ಬರುವ ಹುಡುಗಿ. ಕೇಳಿದ್ದಕ್ಕೆ ಒಂದು ಮಾತು, ಅದೂ ಮೆಲ್ಲಗೆ. ಎಲ್ಲರೂ ಬುತ್ತಿ ಬಿಚ್ಚಿ ಹರಟುವಾಗಲೂ ಇವಳು ತುಟಿ ಪಿಟಕ್ಕೆನ್ನುವುದಿಲ್ಲ. ಪಾಪ, ದಿನವಿಡೀ ಜನರ ಜೊತೆ ಏಗಿ ಏಗಿ ಮಗು ಬಾಡಿಹೋಗಿದೆ ಎಂದು ಶಶಿರೇಖಾಗೆ ಕರುಳು ಚುರ್ರೆಂದಿತು. ರಿಜಿಸ್ಟ್ರಾರ್ ಶಂಭುಲಿಂಗಪ್ಪನವರ ಬೆನ್ನು ಬಿದ್ದು, ಅವಳನ್ನು ಹಿಂಬದಿಯ ರೆಕಾರ್ಡ್ ರೂಮಿಗೆ ಹಾಕಿಸಿದರು. ಕೌಂಟರಿಗೆ ಬಂದವನು ಅರಳು ಹುರಿದಂತೆ ಮಾತಾಡುವ ದೊರೆಸ್ವಾಮಿ. ಒಳ್ಳೇದು ಮಾಡಿದೆನೆಂದು ಶಶಿರೇಖಾ ಅವತ್ತು ಎಲ್ಲರಿಗೂ ಕಾಫಿ ತರಿಸಿದರು.

ವಾರ ಕಳೆಯುವಷ್ಟರಲ್ಲಿ ಹಬೀಬಾ ಬಂದು, ಈ ತಿಂಗಳಿಗೆ ಕೆಲಸ ಬಿಡುತ್ತೇನೆ ಎಂದಳು. ಶಶಿರೇಖಾ ಕಂಗಾಲಾದರು. ಓಡಾಟ ಕಷ್ಟವಾಗಿರಬೇಕು, ಮನೆಯಲ್ಲಿ ಬೇಡ ಅಂದಿರಬೇಕು ಎಂದು ಕಾರಣವನ್ನೂ ತಾವೇ ಹೇಳಿ ಮುಗಿಸಿದರು. ಹುಡುಗಿ ತಲೆ ತಗ್ಗಿಸಿ ಹೊರಟುಹೋದಳು.

ಅದೇ ಮಧ್ಯಾಹ್ನ, ಮಗಳ ಮಾರ್ಕ್ಸ್ ಕಾರ್ಡಿಗಾಗಿ ಅಲೆಯುತ್ತಿದ್ದ ಬೇಗೂರಿನ ರಾಚಮ್ಮ ಸೀದಾ ಶಶಿರೇಖಾರ ಮೇಜಿನ ಮುಂದೆ ಬಂದು ನಿಂತಳು. ದೊರೆಸ್ವಾಮಿ ಅವಳ ಮಾತನ್ನು ಅರ್ಧಕ್ಕೇ ತುಂಡರಿಸಿ ಆ ಕೋಣೆಗೆ, ಈ ಕೋಣೆಗೆ ಎಂದು ಅಟ್ಟಿದ್ದನಂತೆ.

"ಮೊದ್ಲು ಅಲ್ಲಿ ಕೂತಿದ್ರಲ್ಲ, ಆ ಮಾತಾಡ್ದಿರೋ ಅವ್ವ, ಎಲ್ಲೋದ್ರು? ನಾವೇಳದ್ನ ಕೊನೆಗಂಟ ಕೇಳ್ತಿದ್ದೋರು ಅವರೊಬ್ರೆಯ ಕಣವ್ವ. ನಗ್ತಾ ನಗ್ತಾ ಕೇಳೋರು."

ನಗುತ್ತಾ? ಶಶಿರೇಖಾ ಆ ಕಿಟಕಿಯನ್ನು ಯಾವತ್ತೂ ಹೊರಗಿನಿಂದ ನೋಡಿರಲಿಲ್ಲ. ಒಳಗೆ ಕೂತ ಅವರಿಗೆ ಇಷ್ಟು ದಿನ ಕೌಂಟರಿನಲ್ಲಿ ಕಂಡಿದ್ದು ಹಬೀಬಾಳ ಬೆನ್ನು ಮಾತ್ರ.

ರಾಚಮ್ಮನ ಕೆಲಸ ಮುಗಿಸಿಕೊಟ್ಟು ರೆಕಾರ್ಡ್ ರೂಮಿಗೆ ಓಡಿದರು. ಯಾಕಮ್ಮ ಬಿಡ್ತೀಯ ಎಂದಷ್ಟೇ ಕೇಳಿ, ಹಲ್ಲು ಕಚ್ಚಿಕೊಂಡು ಸುಮ್ಮನೆ ನಿಂತರು. ಹಬೀಬಾ ಕೈಲಿದ್ದ ಕಡತವನ್ನು ಕಟ್ಟಿ ಕಪಾಟಿಗಿಟ್ಟು, ಆಮೇಲೆ ಹೇಳಿದಳು.

"ಅಲ್ಲಿ ಎಲ್ಲರ ಮಾತು ಕೇಳ್ತಾ ಸುಮ್ನೆ ಕೂತಿರ್ತಿದ್ದೆ ಮೇಡಂ. ಅದೇ ನನಗೆ ಖುಷಿ. ಇಲ್ಲಿ ಯಾರ ಮಾತು ಕೇಳ್ಲಿ?"

ಶಶಿರೇಖಾರ ಕಣ್ಣು ತುಂಬಿ ಬಂತು. ಇಷ್ಟು ವರ್ಷ ಮಾತಾಡಿ ತಾನು ಗಳಿಸದ ಪ್ರೀತಿಯನ್ನು ಈ ಹುಡುಗಿ ಬರೀ ಕೇಳಿಸಿಕೊಂಡೇ ಗಳಿಸಿದ್ದಾಳಲ್ಲ ಎಂದು ಹೆಮ್ಮೆಯಾಯಿತು, ನಾಚಿಕೆಯೂ ಆಯಿತು. ನೇರವಾಗಿ ರಿಜಿಸ್ಟ್ರಾರ್ ಬಳಿ ಹೋಗಿ, ಹಬೀಬಾಳನ್ನು ಮತ್ತೆ ಕೌಂಟರಿಗೆ ಹಾಕಿ ಎಂದರು. ಕಾಡಿ ಬೇಡಿ ಬದಲಾಯಿಸಿದವರೂ ನೀವೇ, ಈಗ ಏನಂತ ಕಾರಣ ಬರೆಯಲಿ ಎಂದು ಶಂಭುಲಿಂಗಪ್ಪ ರೇಗಿದರು.

"ನನ್ನ ತಪ್ಪು ಅಂತಲೇ ಬರೀರಿ ಸರ್. ಅವಳನ್ನ ಒಂದು ಮಾತೂ ಕೇಳದೆ ಮಾಡಿಸ್ಬಿಟ್ಟೆ."

ಇನ್ನೂ ಏನಾದರೂ ಬರುತ್ತದೆಂದು ಶಂಭುಲಿಂಗಪ್ಪ ಕಾದರು. ಶಶಿರೇಖಾ ಮತ್ತೆ ಬಾಯಿ ತೆರೆಯಲಿಲ್ಲ. ರಿಜಿಸ್ಟ್ರಾರ್ ಆದೇಶ ಬರೆಯಲು ಪೆನ್ನು ಕೈಗೆತ್ತಿಕೊಂಡರು.