ಎರಡು ಚಂದ್ರರಿರುವ ಮಳವಳ್ಳಿ

ದೀಪಿಕಳ ಕಾದಂಬರಿಯಲ್ಲಿ ಮಳವಳ್ಳಿಗೆ ಎರಡು ಚಂದ್ರ. ಕಬ್ಬಿನ ಬಣ್ಣ ನೀಲಿ. ಬಸ್ಸುಗಳು ಗಾಳಿಯಲ್ಲಿ ತೇಲುತ್ತವೆ, ಪುಣ್ಯಕ್ಕೆ ಅಲ್ಲಿ ಸೀಟೂ ಸಿಗುತ್ತದೆ. ನಾಯಕಿ ಕೆರೆಗೆ ಇಣುಕಿ ಕಣ್ಣು ಮುಚ್ಚಿದರೆ ಸಾಕು, ಆ ಲೋಕದಲ್ಲಿರುತ್ತಾಳೆ. ಅಲ್ಲೊಬ್ಬ ಚೆಲುವ, ಅವನ ಜೊತೆ ಪ್ರೇಮ, ಪುಟಪುಟಕ್ಕೂ ನಿಟ್ಟುಸಿರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವಳು ಇಡೀ ಲೋಕವೇ ಡೊಂಕೆಂದು ಬೇರೊಂದನ್ನು ಬರೆದಿದ್ದಾಳೆ.

ಆ ಚೆಲುವ ನನ್ನ ಅಣ್ಣ ರವಿಚಂದ್ರ. ಹೆಸರು ಬದಲಿಸಿದ್ದಾಳೆ, ಮೂಗಿನ ಪಕ್ಕದ ಮಚ್ಚೆ ಹಾಗೇ ಇದೆ. ಮಂಡ್ಯದ ಕಾಲೇಜಿನಲ್ಲಿದ್ದಾಗಿಂದ ಇಬ್ಬರಿಗೂ ಪ್ರೀತಿ. ಹಲಗೂರಿನ ಹತ್ತಿರದ ನಮ್ಮೂರಲ್ಲಿ ಅವಳ ಮನೆ ಊರೊಳಗೆ, ನಮ್ಮದು ಕೇರಿಯಲ್ಲಿ, ನಡುವೆ ಒಂದು ಟಾರು ರಸ್ತೆ. ಮದುವೆಯ ವಿಷಯ ಮನೆಯಲ್ಲಿ ಹೇಳುತ್ತೇನೆ ಅನ್ನುತ್ತಲೇ ವರ್ಷಗಳನ್ನು ಉರುಳಿಸಿದವಳು, ಈಗ ಈ ಹಾಳೆಗಳ ಕಟ್ಟು ಕೊಟ್ಟು "ನನ್ನ ಉತ್ರ ಇದ್ರಲ್ಲೈತೆ" ಅಂದಿದ್ದಳು. ಅಣ್ಣ ಅದನ್ನು ಎದೆಗವಚಿಕೊಂಡು ಮದ್ದೂರಿನ ಆಫೀಸಿಗೂ ಒಯ್ಯುತ್ತಿದ್ದ. ನನಗೆ ಮೈಯೆಲ್ಲ ಉರಿಯುತ್ತಿತ್ತು.

ನಾನೂ ಓದಿದೆ. ನಾಯಕಿ ಚೆಲುವನ ಮನೆಗೆ ಹೋಗುತ್ತಾಳೆ. ಅವನ ಅಪ್ಪ ಎದ್ದು ನಿಂತು "ಬನ್ನಿ ಅಮ್ಮಾವ್ರೇ" ಅನ್ನುತ್ತಾನೆ. ಇಪ್ಪತ್ತರ ಆ ಹುಡುಗಿ "ಬೋರ, ನೀರು ಕೊಡು" ಅನ್ನುತ್ತಾಳೆ. ನಮ್ಮಪ್ಪ ಚಿಕ್ಕಬೋರಯ್ಯ. ಹೆಸರು ಬದಲಿಸುವಷ್ಟು ಮರ್ಯಾದೆಯೂ ಅವರಿಗೆ ಸಿಕ್ಕಿರಲಿಲ್ಲ.

ಮಳವಳ್ಳಿ ಬಸ್ ಸ್ಟ್ಯಾಂಡಿನ ಹತ್ತಿರದ ಹೋಟೆಲಲ್ಲಿ ಮೂವರೂ ಕೂತಾಗ ಕೇಳಿಯೇ ಬಿಟ್ಟೆ.

"ಏನ್ ದೀಪಿಕಾ, ಕಬ್ಬಿನ್ ಬಣ್ಣ ಬದ್ಲಾಯ್ತು, ನಮ್ಮಪ್ಪ ಮಾತ್ರ ಅಲ್ಲೂ ಎದ್ದು ನಿಂತವ್ರಲ್ಲ?"

ಅವಳು ನಕ್ಕಳು. "ಅಯ್ಯೋ ಶೋಭಿತಾ, ಬೇಕಂತ ಬರ್ದಿದ್ದಲ್ಲ ಕಣೆ. ಚಿಕ್ಕೋಳಿದ್ದಾಗಿಂದ ನಮ್ಮನೇಲಿ ಅಂಗೇ ಕರೆಯೋದಲ್ವಾ, ಬಂದ್ಬುಡ್ತು."

ಬಂದುಬಿಟ್ಟಿತಂತೆ! ಎರಡನೇ ಚಂದ್ರ ತಾನಾಗೇ ಬಂತೇ? ಅದನ್ನು ಕೂತು ಯೋಚಿಸಿ ತಂದಳಲ್ಲ.

ಯಾವಾಗಲೂ ಅವಳ ಪರ ವಹಿಸುವ ಅಣ್ಣ ಮೆಲ್ಲಗೆ ಅಂದ, "ಓಗ್ಲಿ ಬುಡು. ಅಚ್ಚಿಗೆ ಓಗೋಕ್ ಮುಂಚೆ ತಿದ್ಬುಡು. ಬೋರ ಅನ್ನೋ ಕಡೆ ಮಾವ ಅಂತ ಆಕು. ನಂಗಷ್ಟೇ ಸಾಕು."

ದೀಪಿಕಳ ನಗು ನಿಂತಿತು. "ಮಾವ ಅಂದ್ಬುಟ್ರೆ ನಮ್ಮಪ್ಪಂಗೆ ಗೊತ್ತಾಗೋಯ್ತದೆ ಕಣೋ ರವಿ."

"ಕತೆ ಅಲ್ವಾ?"

"ಕತೆನೇ. ಆದ್ರೂ ಓದೋ ಜನ ಇಲ್ಲಿಯೋರೇ ಅಲ್ವಾ?"

ಇಲ್ಲದ ಲೋಕಕ್ಕೂ ಅಪ್ಪನ ಅಪ್ಪಣೆ ಬೇಕು ಇವಳಿಗೆ! ಚೆನ್ನಾಗಿ ಉಗಿಯೋಣವೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅಣ್ಣ ಹಾಳೆಗಳ ಕಟ್ಟನ್ನು ಅವಳ ಮುಂದಿಟ್ಟು ಎದ್ದ.

"ಚೆನ್ನಾಗಿ ಬರ್ದಿದ್ದೀರಿ. ನಿಮ್ಗೆ ಒಳ್ಳೇದಾಗ್ಲಿ," ಅಂದ.

ಇಷ್ಟು ವರ್ಷ ನೀನು ಅಂದವನು ಅವಳಿಗೆ ನೀವು ಅಂದದ್ದು ಅದೇ ಮೊದಲು. ಅವಳಿಗೆ ಅರ್ಥವಾಯಿತು, ಅಲ್ಲೇ ಅತ್ತಳು. ನನಗೆ ಅಯ್ಯೋ ಅನ್ನಿಸಲಿಲ್ಲ.