ಮೆಚ್ಚಿನ ತಪ್ಪಿನ ಮೇಷ್ಟ್ರು

ತಪ್ಪು ಉತ್ತರವೊಂದು ಕೈಗೆ ಸಿಕ್ಕಾಗ ಡೆಲ್ಬರ್ಟ್ ಟೆನಂಟರ ಮುಖ ಅರಳುತ್ತಿದ್ದ ರೀತಿಯನ್ನು ಮೊದಲ ಸಲ ಕಂಡವರಿಗೆ, ಈ ಮನುಷ್ಯ ಮಕ್ಕಳಿಗೆ ಗಣಿತ ಕಲಿಸಲು ಬಂದಿದ್ದಾರೋ ಅಥವಾ ಅವರು ಎಡವುವುದನ್ನು ನೋಡಿ ಖುಷಿಪಡಲು ಬಂದಿದ್ದಾರೋ ಎಂಬ ಅನುಮಾನ ಬಾರದೆ ಇರುತ್ತಿರಲಿಲ್ಲ. ಸರಿ ಉತ್ತರಕ್ಕೆ ಅವರಿಂದ ಸಿಗುತ್ತಿದ್ದುದು ಒಂದು ‘ಹೂಂ’ ಮಾತ್ರ. ಆದರೆ ಒಳಗೆಲ್ಲೋ ಒಂದು ಚೂರು ಸತ್ಯವನ್ನು ಬಚ್ಚಿಟ್ಟುಕೊಂಡ, ಹುಟ್ಟಿಗೆ ನ್ಯಾಯವಾದ ಕಾರಣವಿರುವ ತಪ್ಪೊಂದು ಸಿಕ್ಕಿತೋ, ಎರಡೂ ಅಂಗೈ ಉಜ್ಜಿಕೊಂಡು, ಚರ್ಚಿನ ಯಾವುದೋ ಹಾಡನ್ನು ಮೂಗಿನಲ್ಲೇ ಗುನುಗುತ್ತ, ನೋವಿರುವ ಬಲಮೊಣಕಾಲನ್ನು ಎಳೆದುಕೊಂಡು ಬೋರ್ಡಿನ ಬಳಿ ಹೋಗಿ, ಅದನ್ನು ದೊಡ್ಡ ಅಕ್ಷರಗಳಲ್ಲಿ ಬರೆದು, ಸುತ್ತಲೂ ಚೌಕ ಹಾಕಿ ಸಾರುತ್ತಿದ್ದರು: “ಇದು ಇವತ್ತಿನ ನನ್ನ ಮೆಚ್ಚಿನ ತಪ್ಪು!”

ಅವರ ಎಂಟನೇ ತರಗತಿಯ ಪದ್ಧತಿಯೇ ಅದು. ಬೆಳಗಿನ ಮೊದಲ ಲೆಕ್ಕಕ್ಕೆ ಮಕ್ಕಳು ಚಿಕ್ಕ ಕಾರ್ಡಿನ ಮೇಲೆ ಉತ್ತರ ಬರೆದು, ಹೆಸರು ಹಾಕದೆ ಕೊಡಬೇಕು. ಮೇಷ್ಟ್ರು ಅವನ್ನು ಅಕ್ಕಿ ಆರಿಸುವವರ ಹಾಗೆ ಸರಸರನೆ ಎರಡು ರಾಶಿ ಮಾಡಿ, ತಪ್ಪಿನ ರಾಶಿಯಿಂದ ಒಂದನ್ನು ಎತ್ತುತ್ತಾರೆ. ಆಮೇಲೆ ಒಂದೇ ಕಟ್ಟಳೆ. “ಮೊದಲು ಇದ್ರಲ್ಲಿ ಸರಿ ಏನಿದೆ ಹೇಳ್ರಪ್ಪ. ತಪ್ಪು ಎಲ್ಲಿಗೂ ಓಡಿಹೋಗಲ್ಲ, ಅದನ್ನ ಆಮೇಲೆ ನೋಡ್ಕೊಳ್ಳೋಣ.” ಪಕ್ಕದ ಕೋಣೆಯಲ್ಲಿ ವಿಜ್ಞಾನ ಪಾಠ ಮಾಡುತ್ತಿದ್ದ ನನಗೆ, ನಡುವಿನ ಗೋಡೆ ತೀರಾ ತೆಳುವಾದ್ದರಿಂದ, ವರ್ಷಗಟ್ಟಲೆ ಈ ಮಾತು ಕೇಳಿ ಕೇಳಿ ಬಾಯಿಪಾಠವಾಗಿಬಿಟ್ಟಿತ್ತು.

ಅವರು ಎಡಗೈಯವರು. ಎಡಗೈಯಲ್ಲಿ ಬರೆಯುತ್ತ ಹೋದಂತೆ, ಹಿಂದಿನಿಂದ ಬರುವ ಕೋಟಿನ ತೋಳು ಆಗತಾನೆ ಬರೆದದ್ದನ್ನು ಅರ್ಧ ಒರೆಸಿಬಿಡುತ್ತಿತ್ತು. ಹೀಗೆ ಯಾರ ತಪ್ಪನ್ನೂ ಅಳಿಸಬಾರದೆಂದು ಹಟ ಹಿಡಿದ ಮನುಷ್ಯನ ಕಂದು ಕೋಟಿನ ಎಡತೋಳು, ಮೊಣಕೈವರೆಗೆ, ಮಾರ್ಕರಿನ ನೀಲಿ ಕಪ್ಪು ಹಸಿರು ಮೆತ್ತಿಕೊಂಡು ಯಾವ ಸಾಬೂನಿಗೂ ಜಗ್ಗದ ಬಣ್ಣಕ್ಕೆ ತಿರುಗಿತ್ತು. ಹಿಂದಿನ ದಿನ ಶಾಲೆ ತಪ್ಪಿಸಿದವರಿಗೆ ಹುಡುಗರು ಹೇಳುತ್ತಿದ್ದ ತಮಾಷೆಯೊಂದಿತ್ತು: “ನೋಟ್ಸ್ ಯಾಕೋ? ಹೋಗಿ ಸಾರ್ ತೋಳು ಓದ್ಕೋ.” ಬೇರೆ ಕೋಟು ಹಾಕಿಕೊಳ್ಳಿ ಎಂದು ನಾನೊಮ್ಮೆ ಹೇಳಿದ್ದಕ್ಕೆ, “ಇದನ್ನ ಒಗೆದ್ರೆ ನಾನು ಏನು ಪಾಠ ಮಾಡಿದೆ ಅನ್ನೋದಕ್ಕೆ ಸಾಕ್ಷೀನೇ ಇರಲ್ಲ ಕಣ್ರೀ” ಎಂದು ನಕ್ಕಿದ್ದರು.

ಶಾಲೆ ಶುರುವಾದ ಹೊಸತರಲ್ಲಿ, ಆಗಸ್ಟ್ ಕೊನೆಯ ಒಂದು ಸಂಜೆ ತಂದೆ ತಾಯಂದಿರು ಶಾಲೆಗೆ ಬರುವ ವಾಡಿಕೆ. ತಮ್ಮ ಮಕ್ಕಳ ಪುಟ್ಟ ಕುರ್ಚಿಗಳಲ್ಲಿ ಹೇಗೋ ತುರುಕಿಕೊಂಡು ಕುಳಿತು, ಪೋಷಕರ ಸಂಘದವರು ಕಾಗದದಲ್ಲಿ ಸುತ್ತಿ ಕೊಟ್ಟ, ಬನ್ನಿನೊಳಗೆ ಮಾಂಸದ ಚೂರಿಟ್ಟು ಬೇಯಿಸಿದ ಪೆಪ್ಪರೋನಿ ರೋಲು ತಿನ್ನುತ್ತ, ಈ ವರ್ಷ ಏನು ನಿರೀಕ್ಷಿಸಬೇಕೆಂದು ಮೇಷ್ಟ್ರುಗಳಿಂದ ಕೇಳಿ ಹೋಗುತ್ತಾರೆ. ಟೆನಂಟರ ಕೋಣೆಯಲ್ಲಿ ಆ ಸಂಜೆ ಯಾವಾಗಲೂ ಸ್ವಲ್ಪ ಬಿಸಿ. ಅಲ್ಲಿ ಕಲಿಸುತ್ತಿದ್ದುದು ಸಮಗ್ರ ಗಣಿತ. ಬೀಜಗಣಿತ, ರೇಖಾಗಣಿತ, ಅಂಕಿಅಂಶ ಎಂದು ಬೇರೆ ಬೇರೆ ಪುಸ್ತಕ, ಬೇರೆ ಬೇರೆ ವರ್ಷ ಎನ್ನುವಂಥದ್ದಿಲ್ಲ. ಎಲ್ಲವೂ ಒಂದೇ ಪಾತ್ರೆಯಲ್ಲಿ ಬೇಯುತ್ತವೆ. ಚುರುಕಿನವರು, ನಿಧಾನದವರು ಎಂಬ ಹಿಂದಿನ ಕಾಲದ ವಿಂಗಡಣೆಯೂ ಈಗಿಲ್ಲ. ನಾಲ್ಕು ನಾಲ್ಕು ಮಕ್ಕಳು ಒಂದೊಂದು ಮೇಜಿನ ಸುತ್ತ ಕೂತು ತಲೆ ತಲೆ ಸೇರಿಸಿ ಜಗಳವಾಡುತ್ತ ಕಲಿಯಬೇಕು.

“ನೇರವಾಗಿ ಹೇಳಿಬಿಡಿ ಸಾರ್,” ಎಂದು ಆ ವರ್ಷ ಎದ್ದವನು ಗ್ರೆಗ್ ಬೊಗೆಸ್. ಊರಿನ ಟೈರ್ ಅಂಗಡಿ ಅವನದು. ಮಗ ಕೋಲ್ಟನ್ ತರಗತಿಯಲ್ಲಿ ಎಲ್ಲರಿಗಿಂತ ಬೇಗ ಲೆಕ್ಕ ಮುಗಿಸುವವನು. “ಇದು ಬೀಜಗಣಿತಾನೋ, ರೇಖಾಗಣಿತಾನೋ? ಕಾಲೇಜಿನೋರು ಕೇಳಿದ್ರೆ ನಾನು ಏನಂತ ಹೇಳ್ಲಿ?”

“ನೀನು ಟೈರ್ ಮಾರುವಾಗ ದುಂಡಗಿರೋದಕ್ಕೊಂದು ಬಿಲ್ಲು, ರಬ್ಬರಿಗೊಂದು ಬಿಲ್ಲು ಹಾಕ್ತೀಯೇನಯ್ಯ?” ಎಂದರು ಟೆನಂಟ್. ಕೋಣೆಯೆಲ್ಲ ನಕ್ಕಿತು. ಗ್ರೆಗ್ ಕೂಡ ನಕ್ಕ, ಆದರೆ ಎಲ್ಲರೂ ನಿಲ್ಲಿಸುವ ಮೊದಲೇ ನಿಲ್ಲಿಸಿದ.

ಎಲ್ಲರೂ ಹೋದ ಮೇಲೆ ಉಳಿದವಳು ವಾಂಡಾ ಸ್ಟಾಲ್ನೇಕರ್. ಮಗಳು ಬಿಟ್ಟುಹೋದ ಮೊಮ್ಮಗಳನ್ನು ಸಾಕುತ್ತಿದ್ದ ಅಜ್ಜಿ. ಮೊಮ್ಮಗಳು ರೇಲಿನ್‌ಗೆ ನರ್ಸ್ ಆಗುವ ಆಸೆ. ಈ ಕಣಿವೆಯ ಊರುಗಳಲ್ಲಿ ಎಂಟನೇ ತರಗತಿಯ ಗಣಿತದಲ್ಲಿ ಒಮ್ಮೆ ಕೆಳಗಿನ ಗುಂಪಿಗೆ ಬಿದ್ದವರು ಮತ್ತೆ ಮೇಲೆ ಬಂದದ್ದನ್ನು ಯಾರೂ ಕಂಡಿಲ್ಲ, ಮೇಲಿನ ಗಣಿತವಿಲ್ಲದವರನ್ನು ನರ್ಸಿಂಗ್ ಕಾಲೇಜು ಒಳಗೆ ಬಿಟ್ಟುಕೊಳ್ಳುವುದೂ ಇಲ್ಲ. ಅದು ವಾಂಡಾಗೆ ಚೆನ್ನಾಗಿ ಗೊತ್ತಿತ್ತು. “ನಮ್ಮ ಹುಡುಗಿ ಪೆದ್ದಿ ಅಲ್ಲ ಸಾರ್, ಹೆದರ್ತಾಳೆ ಅಷ್ಟೆ. ಅವಳನ್ನ ಹಿಂದಿನ ಸಾಲಿಗೆ ಮಾತ್ರ ತಳ್ಳಬೇಡಿ.”

“ಇಲ್ಲಿ ಹಿಂದಿನ ಸಾಲೇ ಇಲ್ಲ ನೋಡು ವಾಂಡಾ,” ಎಂದು ಮೇಜುಗಳ ಕಡೆ ಕೈ ಬೀಸಿದರು ಟೆನಂಟ್. “ನಾನಿರೋ ತನಕ ಅವಳು ಈ ಕೋಣೇಲೇ ಇರ್ತಾಳೆ.”

ರೇಲಿನ್ ಸ್ವೆಟರಿನ ತೋಳನ್ನು ಬೆರಳ ತುದಿವರೆಗೆ ಎಳೆದುಕೊಂಡು, ಬರೆಯುವಾಗ ಎಡಗೈಯನ್ನು ಹಾಳೆಯ ಸುತ್ತ ಗೋಡೆಯಂತೆ ಇಟ್ಟುಕೊಳ್ಳುವ ಹುಡುಗಿ. ಕೋಲ್ಟನ್ ಕೂತಿದ್ದುದು ಅವಳ ಮೇಜಿನಲ್ಲೇ. ಬೆಟ್ಟದ ಮರಗಳೆಲ್ಲ ಕೆಂಪಾದ ಅಕ್ಟೋಬರಿನ ಒಂದು ಬೆಳಿಗ್ಗೆ ಟೆನಂಟರು ಕೇಳಿದ ಲೆಕ್ಕ (x + 3)² ಎಷ್ಟು ಎಂಬುದು. ಅವರು ಎತ್ತಿಕೊಂಡ ಕಾರ್ಡಿನಲ್ಲಿದ್ದುದು x² + 9. ಜಗತ್ತಿನ ಮಕ್ಕಳೆಲ್ಲ ಮಾಡುವ ತಪ್ಪು. ಆದರೆ ಟೆನಂಟರು ಅದನ್ನು ಹೊಸದಾಗಿ ಕಂಡವರಂತೆ ಗುನುಗಿದ್ದು ಗೋಡೆಯಾಚೆ ನನಗೂ ಕೇಳಿಸಿತು. ಒಂದು ದೊಡ್ಡ ಚೌಕ ಬರೆದರು. ಒಂದೊಂದು ಬದಿಯನ್ನೂ x ಮತ್ತು 3 ಎಂದು ಒಡೆದರು. ಗೆರೆ ಎಳೆದಾಗ ಮೂಲೆಯಲ್ಲೊಂದು ದೊಡ್ಡ ಚೌಕ, ಎದುರು ಮೂಲೆಯಲ್ಲೊಂದು ಚಿಕ್ಕ ಚೌಕ, ಪಕ್ಕದಲ್ಲಿ ಎರಡು ಪಟ್ಟಿಗಳು ಮೂಡಿದವು.

“ಇದ್ರಲ್ಲಿ ಸರಿ ಏನಿದೆ?”

“ಎರಡೂ ಚೌಕ ಸರಿ ಇದೆ ಸಾರ್,” ಎಂದ ಕೋಲ್ಟನ್. “ಆದ್ರೆ 6x ಬಿಟ್ಟಿದಾರೆ. ಸೂತ್ರದಲ್ಲಿ ಬರುತ್ತಲ್ಲ.”

“ಸೂತ್ರಕ್ಕೆ ಅದು ಎಲ್ಲಿಂದ ಬಂತಪ್ಪ?”

ಕೋಲ್ಟನ್ ಪುಸ್ತಕ ತಿರುವತೊಡಗಿದ. ಆಗ ಎದ್ದವಳು ರೇಲಿನ್. “ಸಾರ್, ಆ ಕಾರ್ಡು ನಂದು,” ಎಂದಳು. ಹೆಸರು ಹೇಳಬೇಕಾದ ಅಗತ್ಯವೇ ಇಲ್ಲದ ಆ ಕೋಣೆಯಲ್ಲಿ ಯಾರೂ ಹಾಗೆ ಹೇಳಿಕೊಂಡಿರಲಿಲ್ಲ. ಬೋರ್ಡಿಗೆ ಬಂದು ಎರಡು ಪಟ್ಟಿಗಳ ಮೇಲೆ ಬೆರಳಿಟ್ಟಳು. “ಇವೆರಡನ್ನ ಹೊರಗೇ ಬಿಟ್ಟುಬಿಟ್ಟೆ. ಒಂದೊಂದೂ 3x. ಕಾಣ್ತಿಲ್ವೇನೋ ಕೋಲ್ಟನ್? ಇವೇ ನಿನ್ನ 6x.” ಕೋಲ್ಟನ್ “ಓಹೋ” ಎಂದದ್ದು ಎಷ್ಟು ಜೋರಾಗಿತ್ತೆಂದರೆ ನನ್ನ ತರಗತಿಯ ಮಕ್ಕಳೂ ನಕ್ಕರು. ಅಂದಿನಿಂದ ಅವಳ ಹಾಳೆಯ ಸುತ್ತ ಗೋಡೆ ಇರಲಿಲ್ಲ. ಊಟದ ಹೊತ್ತಿನಲ್ಲಿ ಟೆನಂಟರು ನನ್ನ ಕೋಣೆಗೆ ಬಂದು, “ನೋಡಿದ್ರೇನ್ರೀ, ಬೀಜಗಣಿತ ಎದ್ದು ನಿಂತು ರೇಖಾಗಣಿತವಾಯ್ತು!” ಎಂದು ಒಂದು ಸ್ಯಾಂಡ್‌ವಿಚ್ಚನ್ನು ತಿನ್ನದೆಯೇ ಕೈಯಲ್ಲಿ ಹಿಡಿದು, ಬೋರ್ಡಿನ ಮುಂದೆ ನಡೆದದ್ದನ್ನೆಲ್ಲ ಅರ್ಧ ಗಂಟೆ ಬಣ್ಣಿಸಿದ್ದರು.

ಸಮಗ್ರ ಗಣಿತವನ್ನು ತೆಗೆದು, ಮಕ್ಕಳನ್ನು ಎರಡು ಗುಂಪು ಮಾಡಿ, ಮೇಲಿನವರಿಗೆ ಬೀಜಗಣಿತ, ಕೆಳಗಿನವರಿಗೆ ಕಂಪ್ಯೂಟರಿನಲ್ಲಿ ಅಭ್ಯಾಸ ಎಂಬ ಅರ್ಜಿ ಶಾಲಾ ಮಂಡಳಿಯ ಮುಂದೆ ಬಂದದ್ದು ನವೆಂಬರಿನಲ್ಲಿ, ಊರಿಗೆ ಊರೇ ಕಾಡಿಗೆ ಹೋಗುವ ಜಿಂಕೆ ಬೇಟೆಯ ರಜೆಗೆ ಸ್ವಲ್ಪ ಮುಂಚೆ. ಅರ್ಜಿ ಹಾಕಿದವನು ಗ್ರೆಗ್. ಸಭಾಂಗಣದಲ್ಲಿ ಗಂಡಸರು ಆಗಲೇ ಬೇಟೆಯ ಕಿತ್ತಳೆ ಟೋಪಿ ಹಾಕಿಕೊಂಡು ಕೂತಿದ್ದರು. ಮುಂದಿನ ಸಾಲಿನಲ್ಲಿ ವಾಂಡಾ ಇದ್ದಳು, ಪಕ್ಕದಲ್ಲಿ ರೇಲಿನ್.

ಗ್ರೆಗ್ ಚೆನ್ನಾಗಿಯೇ ಮಾತಾಡಿದ. “ಒಂದು ಗಂಟೆ ಪಾಠ ಅಂದ್ರೆ ಒಂದು ಪಿಜ್ಜಾ ಇದ್ದ ಹಾಗೆ. ನಿಧಾನದೋರು ದೊಡ್ಡ ಚೂರು ತಗೊಂಡ್ರೆ ನನ್ನ ಮಗನ ಪಾಲಿಗೆ ಅಂಚು ಉಳಿಯತ್ತೆ. ಅವನು ಕಲಿಯೋದು ಬಿಟ್ಟು ಪಕ್ಕದೋರಿಗೆ ಹೇಳಿಕೊಡ್ತಾ ಕೂತಿದಾನೆ.”

ನಾನು ಟೆನಂಟರ ಮುಖ ನೋಡಿದೆ. ಆ ಮುಖ ಅರಳುತ್ತಿತ್ತು. ಅಂಗೈ ಉಜ್ಜಿಕೊಂಡರು. ಹಂಚಿದರೆ ಕಡಿಮೆಯಾಗುವ ಪಿಜ್ಜಾ, ಹಂಚಿದರೆ ಕಡಿಮೆಯಾಗದ ಕಲಿಕೆ ಎರಡನ್ನೂ ಒಂದೇ ಭಾಗಾಕಾರಕ್ಕೆ ಹಾಕಿದ ಅಂಥ ಸೊಗಸಾದ ತಪ್ಪು ಅವರಿಗೆ ಎಷ್ಟು ವರ್ಷಗಳಿಂದ ಸಿಕ್ಕಿರಲಿಲ್ಲವೋ! ಎದ್ದು ನಿಂತು, ಬರೆಯಲು ಬೋರ್ಡು ಎಲ್ಲಿದೆಯೆಂದು ಸುತ್ತ ನೋಡಿ, ನಿಷ್ಕಪಟವಾದ ಸಂತೋಷದಿಂದ ಕೂಗಿದರು: “ಗ್ರೆಗ್! ಇದು ನನ್ನ ಮೆಚ್ಚಿನ ತಪ್ಪು ಕಣಯ್ಯ!”

ಅವರ ಕೋಣೆಯಲ್ಲಿ ಅದಕ್ಕಿಂತ ದೊಡ್ಡ ಗೌರವ ಬೇರೆ ಇರಲಿಲ್ಲ. ಸಭಾಂಗಣದಲ್ಲಿ ಅದು ಕೆನ್ನೆಗೆ ಬಾರಿಸಿದಂತೆ ಕೇಳಿಸಿತು. ಹಿಂದಿನಿಂದ ಯಾರೋ ಕಿಸಕ್ಕೆಂದರು, ಆಮೇಲೆ ಗದ್ದಲವೆದ್ದಿತು. “ಇದ್ರಲ್ಲಿ ಸರಿ ಏನಿದೆ ಅಂದ್ರೆ...” ಎಂದು ಟೆನಂಟರು ಎಂದಿನ ಕ್ರಮದಲ್ಲೇ ಮುಂದುವರಿಸಲು ಹೊರಟದ್ದು ಆ ಗದ್ದಲದಲ್ಲಿ ಮುಳುಗಿಹೋಯಿತು.

ಗ್ರೆಗ್ ಕೂಗಾಡಲಿಲ್ಲ. ಕಿವಿಯ ತುದಿವರೆಗೂ ಕೆಂಪಾಗಿ, ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. “ಎಂಟನೇ ಕ್ಲಾಸಲ್ಲಿ ನನ್ನನ್ನ ನಿಧಾನದ ಗುಂಪು ಅಂತ ಆ ಮೂಲೆ ಕೋಣೇಗೆ ಹಾಕಿದ್ರಲ್ಲ ಸಾರ್. ಮೇಷ್ಟ್ರು ನೀವೇ. ನನ್ನ ಪೇಪರ್ ತುಂಬ ಕೆಂಪು ಗೀಟು. ಆವಾಗ್ಲೂ ನಾನು ತಪ್ಪೇ. ಇವತ್ತು ಊರೆಲ್ಲ ಸೇರಿರೋ ಮುಂದೆ ಮತ್ತೆ ತಪ್ಪಾ?”

ಅದು ನಿಜವಾಗಿತ್ತು. ಟೆನಂಟರು ಆಗ ಹೊಸ ಮೇಷ್ಟ್ರು, ಶಾಲೆ ಮಾಡಿಕೊಟ್ಟ ಗುಂಪಿಗೆ ಪಾಠ ಹೇಳಿದವರು. ಆ ಮೂಲೆ ಕೋಣೆಯಲ್ಲಿ ಕಂಡದ್ದರಿಂದಲೇ, ಅಂಥ ಕೋಣೆ ಇನ್ನೆಂದೂ ಇರಬಾರದೆಂದು ತಮ್ಮ ಉಳಿದ ಆಯುಷ್ಯವನ್ನೆಲ್ಲ ಅದಕ್ಕೇ ಸುರಿದವರು. ಅದನ್ನು ಆ ಕ್ಷಣದಲ್ಲಿ ಯಾರಿಗೆ, ಹೇಗೆ ಹೇಳುವುದು? ಆ ಕೋಣೆಯಲ್ಲಿ ನೊಂದ ಹುಡುಗನೇ ಬೆಳೆದು ಬಂದು, ತನ್ನ ಮಗ ಅಲ್ಲಿಗೆ ಹೋಗುವುದಿಲ್ಲವೆಂಬ ಧೈರ್ಯದ ಮೇಲೆ, ಬೇರೆಯವರ ಮಕ್ಕಳಿಗಾಗಿ ಅದರ ಬಾಗಿಲು ಮತ್ತೆ ತೆಗೆಸುತ್ತಿದ್ದ. ನನಗೆ ಅವನ ಮೇಲೆ ಸಿಟ್ಟೂ ಬಂತು, ಅಯ್ಯೋ ಅನ್ನಿಸಿತು ಕೂಡ. ಟೆನಂಟರು ಕುಳಿತರು. ಮಂಡಳಿಯವರು ಅರ್ಜಿಯ ಪರವಾಗಿ ಕೈ ಎತ್ತಿದರು. ರೇಲಿನ್ ಸ್ವೆಟರಿನ ತೋಳನ್ನು ಬೆರಳ ತುದಿವರೆಗೆ ಎಳೆದುಕೊಂಡದ್ದನ್ನು ನಾನು ನೋಡಿದೆ.

ಕ್ರಿಸ್‌ಮಸ್ ರಜೆ ಮುಗಿದು ಬರುವ ಹೊತ್ತಿಗೆ ವಿಂಗಡಣೆ ಆಗಿಹೋಗಿತ್ತು. ಶಾಲೆ ಶುರುವಾದಾಗ ನಡೆಸಿದ್ದ ಆಗಸ್ಟಿನ ಪರೀಕ್ಷೆಯ ಅಂಕ ನೋಡಿ ಗುಂಪು ಮಾಡಿದರು. ಅಕ್ಟೋಬರಿನಲ್ಲಿ ಏನಾಯಿತೆಂದು ಅಳೆಯುವ ಪರೀಕ್ಷೆ ಯಾರ ಬಳಿಯೂ ಇರಲಿಲ್ಲ. ಕೋಲ್ಟನ್ ಮೇಲಕ್ಕೆ ಹೋದ, ರೇಲಿನ್ ಕೆಳಕ್ಕೆ ಬಂದಳು. ಟೆನಂಟರು ನಿವೃತ್ತಿ ತೆಗೆದುಕೊಳ್ಳಬಹುದಿತ್ತು. ಅದರ ಬದಲು ಕೆಳಗಿನ ಗುಂಪನ್ನೇ ಕೇಳಿ ಪಡೆದರು. ಕೊಟ್ಟದ್ದು ಅದೇ ಮೂಲೆ ಕೋಣೆ, ಈಗ ಸಾಲಾಗಿ ಕಂಪ್ಯೂಟರು ಜೋಡಿಸಿದ್ದು. ಅದೇ ವಾರ ಅಂಗಡಿಯಲ್ಲಿ ಎದುರಾದ ವಾಂಡಾ ನನ್ನೆದುರೇ ಅವರನ್ನು ಕೇಳಿದಳು: “ನಾನಿರೋ ತನಕ ಅಂದಿದ್ರಿ.”

“ನಾನಿದೀನಿ ವಾಂಡಾ,” ಎಂದರು ಅವರು. “ಕೋಣೆ ಹೋಯ್ತು.”

ವಸಂತ ಬಂದ ಮೇಲೆ ಒಂದು ಮಧ್ಯಾಹ್ನ, ಉದ್ದದ ವೈರೊಂದನ್ನು ಕೇಳಲು ಆ ಮೂಲೆ ಕೋಣೆಗೆ ಹೋದೆ. ಅಲ್ಲಿದ್ದ ನಿಶ್ಶಬ್ದ ಮಕ್ಕಳಿರುವ ಜಾಗದ್ದಾಗಿರಲಿಲ್ಲ. ಎಲ್ಲರ ಕಿವಿಗೂ ಹೆಡ್‌ಫೋನು. ಪರದೆಯ ಮೇಲೆ ಲೆಕ್ಕ ಬರುತ್ತದೆ. ಉತ್ತರ ಒತ್ತಿದರೆ ಸರಿಗೆ ಹಸಿರು, ತಪ್ಪಿಗೆ ಕೆಂಪು. ಕೆಂಪಾದರೆ ಸರಿ ಉತ್ತರವನ್ನು ಅದೇ ತೋರಿಸಿ ಮುಂದಕ್ಕೆ ಹೋಗುತ್ತದೆ. ರೇಲಿನ್ ಮುಂದೆ ಇದ್ದುದು (x + 5)². ಅವಳು x² + 25 ಎಂದು ಒತ್ತಿದಳು. ಕೆಂಪು ಬಂತು.

ಟೆನಂಟರ ಮುಖ ಹಳೆಯ ಹಾಗೆ ಅರಳಿತು. ಕಾಲೆಳೆಯುತ್ತ ಬಂದು, ಮಾರ್ಕರು ಹುಡುಕಿ, ಎಡಗೈ ಎತ್ತಿ, “ರೇಲಿನ್, ಆ ಚೌಕ ನೆನಪಿದ್ಯಾ? ಆ ಎರಡು ಪಟ್ಟಿ? ಬಾ, ಬೋರ್ಡಿನ ಮೇಲೆ...” ಎಂದರು.

ಅವಳು ಒಂದು ಕಿವಿಯ ಹೆಡ್‌ಫೋನು ಮಾತ್ರ ಸರಿಸಿದಳು. ಕಣ್ಣು ಪರದೆಯಿಂದ ಕದಲಲಿಲ್ಲ. “ಬಿಡಿ ಸಾರ್, ನಿಲ್ಲಿಸಿದ್ರೆ ಇದು ಮೊದಲಿಂದ ಶುರು ಮಾಡತ್ತೆ. ಹಸಿರು ಬಂದ್ರೆ ಸಾಕು.” ಮತ್ತೆ ಒತ್ತಿದಳು. ಹಾಳೆಯೇ ಇಲ್ಲದ್ದರಿಂದ ಗೋಡೆ ಕಟ್ಟಿಕೊಳ್ಳುವ ಕಷ್ಟವೂ ಅವಳಿಗೆ ಉಳಿದಿರಲಿಲ್ಲ.

ಎತ್ತಿದ ಕೈ ಹಾಗೇ ಸ್ವಲ್ಪ ಹೊತ್ತು ನಿಂತಿತ್ತು. ಆಗ ನಾನು ಅವರ ಕೋಟು ನೋಡಿದೆ. ಹೊಸ ಕೋಟು. ಎಡತೋಳು ಬಲತೋಳಿನಷ್ಟೇ ಸ್ವಚ್ಛವಾಗಿತ್ತು.

ಇಂಥ ಮೇಷ್ಟ್ರುಗಳು ಎಲ್ಲ ಊರಿನಲ್ಲೂ ಒಬ್ಬಿಬ್ಬರು ಇರುತ್ತಾರೆ. ನಾಲ್ಕು ಗೋಡೆಗಳ ನಡುವೆ, ಎಡವಿದವರಿಗೆ ಮರ್ಯಾದೆಯಿರುವ ಒಂದು ಪುಟ್ಟ ರಾಜ್ಯವನ್ನು ಕಟ್ಟಿ, ಅದಕ್ಕೊಂದು ಭಾಷೆ ಮಾಡಿಕೊಂಡು, ವರ್ಷಾನುವರ್ಷ ಅದರಲ್ಲೇ ಬಾಳಿ, ಬಾಗಿಲಾಚೆಯ ಲೋಕಕ್ಕೂ ಅದೇ ಭಾಷೆ ತಿಳಿಯುತ್ತದೆಂದು ನಂಬಿಬಿಡುತ್ತಾರೆ. ಲೋಕಕ್ಕೆ ಅದು ತಿಳಿಯುವುದಿಲ್ಲ. ಲೋಕದ ಮೇಲೆ ಮೊದಲೇ ಯಾರೋ ಕೆಂಪು ಗೀಟು ಎಳೆದಿರುತ್ತಾರೆ, ಆ ಗೀಟಿನ ಉರಿಯಲ್ಲಿ ಬೇರೆ ಮಾತು ಕೇಳಿಸುವುದಿಲ್ಲ. ಕಡೆಗೆ ಆ ರಾಜ್ಯ ಹೋಗುತ್ತದೆ, ಭಾಷೆಯನ್ನು ಬಲ್ಲ ಮಕ್ಕಳೂ ಅದನ್ನು ಮರೆಯುತ್ತಾರೆ. ಮೇಷ್ಟ್ರು ಮಾತ್ರ ಸಂಬಳ ಎಣಿಸಿಕೊಂಡು ಇದ್ದೇ ಇರುತ್ತಾರೆ, ಹೊರಗೆ ಬಿಟ್ಟುಹೋದ ಆ ಎರಡು ಪಟ್ಟಿಗಳನ್ನು ತೋರಿಸಲು ಎತ್ತಿದ ಕೈಯನ್ನು ಎಲ್ಲಿ ಇಳಿಸಬೇಕೆಂದು ತಿಳಿಯದೆ.